ಡಬ್ಬದ ಮೇಲಿನ ಚೀಟಿ

ರಾಮನಗರದ ನಮ್ಮ ಬಡಾವಣೆಯ ಸೂಪರ್ ಮಾರ್ಕೆಟ್ಟಿನಲ್ಲಿ ನನಗೊಂದು ಅಡ್ಡಹೆಸರಿತ್ತು: ಫುಡ್ ಇನ್‌ಸ್ಪೆಕ್ಟರ್. ನನ್ನ ಮುಂದೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಬೆನ್ನ ಹಿಂದೆ ಕರೆಯುವುದು ಮಾತ್ರ ನನಗೆ ಚೆನ್ನಾಗಿಯೇ ಕೇಳಿಸುತ್ತಿತ್ತು. ಬೇರೆಯವರು ಪೊಟ್ಟಣ ತೆಗೆದು ಬುಟ್ಟಿಗೆ ಹಾಕುವ ಹೊತ್ತಿಗೆ ನಾನು ಅದನ್ನು ಬೋರಲು ಹಾಕಿ, ಕನ್ನಡಕವನ್ನು ಹಣೆಗೇರಿಸಿ, ಅದರ ಬೆನ್ನು ಓದುತ್ತಾ ನಿಂತಿರುತ್ತಿದ್ದೆ. ಸಾಸಿವೆಗಿಂತ ಸಣ್ಣ ಅಕ್ಷರ. ಅದೂ ಇಂಗ್ಲಿಷು, ಅದೂ ಮಿರಮಿರ ಮಿಂಚುವ ಹಾಳೆಯ ಮೇಲೆ, ಅದೂ ಅಂಟು ಹಾಕಿದ ಮಡಿಕೆಯ ಒಳಗಡೆ. ಯಾರೂ ಓದದಿರಲಿ ಎಂದೇ ಇಷ್ಟು ಕಷ್ಟಪಟ್ಟು ಬರೆಯುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹಾಗೆ ನಿಂತೂ ನಿಂತೂ ನನಗೆ ಊರ ಜನರ ಓದುವ ರೀತಿಯೂ ತಿಳಿಯಿತು. ಗೃಹಿಣಿಯರು ಮೊದಲು ನೋಡುವುದು ತಾರೀಖು, ಆಮೇಲೆ ಬೆಲೆ. ಸೋಮವಾರ, ಶನಿವಾರ ಮೊಟ್ಟೆ ಮುಟ್ಟದ ಅಜ್ಜಿಯರಿಗೆ ಹಸಿರು ಚುಕ್ಕಿ ಕಂಡರೆ ಸಾಕು, ಉಳಿದದ್ದು ದೇವರಿಗೆ ಬಿಟ್ಟಿದ್ದು. ತೋಳು ಬೆಳೆಸುವ ಹುಡುಗರಿಗೆ ಪ್ರೋಟೀನ್ ಎಂಬ ಒಂದು ಸಾಲು ಬಿಟ್ಟರೆ ಪೊಟ್ಟಣದ ಮೇಲೆ ಬೇರೇನೂ ಕಾಣಿಸದು. ಒಬ್ಬರು ಯಜಮಾನರಿದ್ದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ಮೈತುಂಬ ಸಕ್ಕರೆ ಕಾಯಿಲೆ. ಬಿಸ್ಕತ್ತಿನ ಸಾಲಿನಲ್ಲಿ ನಾನು ಸಿಕ್ಕಿದರೆ ಬಿಡುತ್ತಿರಲಿಲ್ಲ.

"ಅವ್ವಾ, ಒಸಿ ಇದ್ರಲ್ಲಿ ಸಕ್ರೆ ಎಷ್ಟೈತೆ ನೋಡವ್ವ. ಕಣ್ಣು ಕಾಣಾಕಿಲ್ಲ."

ನಾನು ಹೇಳುತ್ತಿದ್ದೆ. ಅವರು ಮುಖ ಹಿಂಡಿ, "ಬ್ಯಾಡ, ಇನ್ನೊಂದ್ ನೋಡು" ಎನ್ನುತ್ತಿದ್ದರು. ನಾಲ್ಕನೆಯದೋ ಐದನೆಯದೋ ಪೊಟ್ಟಣದಲ್ಲಿ ಚಿಕ್ಕ ಸಂಖ್ಯೆ ಸಿಗುತ್ತಿತ್ತು. "ಆಂ, ಇದ್ ನಮ್ಗಾಯ್ತದೆ" ಎಂದು ಮುಖ ಅರಳುತ್ತಿತ್ತು. ಅದು ಎರಡು ಬಿಸ್ಕತ್ತಿನ ಲೆಕ್ಕ ಯಜಮಾನ್ರೇ, ಇಡೀ ಪೊಟ್ಟಣದ್ದಲ್ಲ ಎಂದರೆ, "ನಾನೇನ್ ಇಡೀ ಪೊಟ್ಣ ಒಂದೇ ಸಲ ತಿಂತೀನಾ?" ಎಂದು ನನ್ನನ್ನೇ ಗದರಿಸಿ, ಎರಡು ಪೊಟ್ಟಣ ಬುಟ್ಟಿಗೆ ಹಾಕಿಕೊಂಡು ಹೋಗುತ್ತಿದ್ದರು. ನನಗೆ ಅವರ ಮೇಲೆ ಸಿಟ್ಟು ಬಂದದ್ದೇ ಇಲ್ಲ. ಎಲ್ಲರೂ ಪೊಟ್ಟಣದ ಬೆನ್ನಿನ ಮೇಲೆ ತಮಗೆ ಬೇಕಾದ್ದನ್ನೇ ಹುಡುಕುತ್ತಾರೆ. ಯಜಮಾನರಿಗೆ ಬೇಕಿದ್ದುದು ಅಪ್ಪಣೆ.

ನಾನು ಹುಡುಕುತ್ತಿದ್ದುದು ಒಂದೇ ಪದ: ಗೋಧಿ.

ನಮ್ಮ ಮಗಳಿಗೆ ಐದು ವರ್ಷವಾದರೂ ಮೂರು ವರ್ಷದ ಮಗುವಿನಷ್ಟೇ ಇದ್ದಳು. ಕಾಲು ಕಡ್ಡಿ, ಹೊಟ್ಟೆ ಮಾತ್ರ ಡುಬ್ಬ. ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ದೃಷ್ಟಿ ತೆಗೆಸಿದೆವು, ಜಂತುಹುಳಕ್ಕೆ ಔಷಧಿ ಹಾಕಿಸಿದೆವು, ಟಾನಿಕ್ಕಿನ ಬಾಟಲಿಗಳನ್ನು ಸಾಲಾಗಿ ಖಾಲಿ ಮಾಡಿದೆವು. ಕೊನೆಗೆ ಬೆಂಗಳೂರಿನ ಮಕ್ಕಳ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಹೊಟ್ಟೆಯೊಳಕ್ಕೆ ನಳಿಗೆ ಇಳಿಸಿ ನೋಡಿ, ಸೀಲಿಯಾಕ್ ಎಂಬ ಹೆಸರು ಹೇಳಿದರು. ಗೋಧಿ, ಬಾರ್ಲಿಗಳಲ್ಲಿ ಗ್ಲುಟೆನ್ ಎಂಬುದೊಂದು ಇರುತ್ತದೆ, ಅದು ಈ ಮಗುವಿನ ಕರುಳಿಗೆ ಆಗದು, ಒಂದು ಚೂರು ಬಿದ್ದರೂ ಕರುಳು ಕೆಡುತ್ತದೆ, ಔಷಧಿ ಇಲ್ಲ, ಜೀವನಪೂರ್ತಿ ಪಥ್ಯವೇ ಔಷಧಿ ಎಂದರು. ಹಾಗೆಯೇ ಬಿಟ್ಟರೆ ಮಗು ಬೆಳೆಯುವುದು ನಿಂತೇಹೋಗುತ್ತದೆ ಎಂದೂ ಹೇಳಿದರು. ನಾನು ಅಳಲು ಬಾಯಿ ತೆರೆಯುವಷ್ಟರಲ್ಲಿ ಅವರೇ ನಕ್ಕು, "ನಿಮ್ಮದು ರಾಗಿ ಸೀಮೆ ಅಲ್ವೇನಮ್ಮಾ, ನೀವು ಯಾಕೆ ಅಳ್ತೀರಿ? ರಾಗಿ ಎಷ್ಟು ಬೇಕಾದ್ರೂ ತಿನ್ನಲಿ" ಎಂದರು. ಆ ಮಾತಿಗೆ ಅವರ ಕಾಲಿಗೆ ಬೀಳಬೇಕೆನ್ನಿಸಿತು.

ರಾಗಿಗೆ ನಮ್ಮಲ್ಲಿ ಬರವಿಲ್ಲ. ಮಾಗಡಿ ತಾಲ್ಲೂಕಿನ ಹಳ್ಳಿಯಲ್ಲಿ ನನ್ನ ಅತ್ತೆ ಭಾವನವರ ಜೊತೆ ಇದ್ದಾರೆ. ಎರಡೆಕರೆ ರಾಗಿ, ಒಂದೆಕರೆ ಹಿಪ್ಪುನೇರಳೆ, ಮನೆಯ ಪಕ್ಕದಲ್ಲೇ ರೇಷ್ಮೆ ಹುಳ ಸಾಕುವ ಕೊಠಡಿ. ಅತ್ತೆಗೆ ಅಕ್ಷರ ಬರುವುದಿಲ್ಲ. ಬಸ್ಸಿನ ಬೋರ್ಡನ್ನು ಬಣ್ಣದ ಮೇಲೆ ಗುರುತು ಹಿಡಿಯುತ್ತಾರೆ. ಆದರೆ ಕಣ್ಣು ಮುಚ್ಚಿ ಕೈಗೆ ಕೊಟ್ಟರೆ ಯಾವ ಹೊಲದ ರಾಗಿ ಎಂದು ಹೇಳಿಬಿಡುವವರು. ಡಾಕ್ಟರು ಹೇಳಿದ್ದನ್ನೆಲ್ಲ ಅವರಿಗೆ ವಿವರಿಸಲು ನಾನು ಹೆಣಗಾಡುತ್ತಿದ್ದೆ. ಗೋಧಿ ತಿನ್ನಬಾರದು ಎಂದಷ್ಟೇ ಅಲ್ಲ ಅತ್ತೆ, ಗೋಧಿ ಮುಟ್ಟಿದ ಕೈ, ಗೋಧಿ ಬೇಯಿಸಿದ ಪಾತ್ರೆ, ಗೋಧಿ ಸೋಕಿದ ಸೌಟು, ಯಾವುದೂ ಆಗದು ಎಂದೆ.

"ಅಂಗಾರೆ ನಮ್ ಹುಳದ ಮನೆ ಇದ್ದಂಗೆ ಅನ್ನು" ಎಂದರು ಅತ್ತೆ. "ಪಕ್ಕದ ಹೊಲ್ದೋರು ಔಷ್ದಿ ಒಡುದ್ರೆ ಆ ಗಾಳಿ ಸೋಕಿದ್ ಸೊಪ್ಪನ್ನೂ ಹುಳಕ್ಕೆ ಆಕಾಕಿಲ್ಲ. ತೊಳುದ್ರೂ ಓಗಾಕಿಲ್ಲ ಅದು. ಹೊಗೆಸೊಪ್ಪು ಆಕ್ಕಂಡ್ ಕೈಯಲ್ಲಿ ತಟ್ಟೆ ಮುಟ್ಟುದ್ರೂ ಹುಳ ಸತ್ತೋಯ್ತದೆ."

ನನಗೆ ಕೋಪ ಬಂತು. ನನ್ನ ಬಂಗಾರದಂಥ ಮಗಳನ್ನು ರೇಷ್ಮೆ ಹುಳಕ್ಕೆ ಹೋಲಿಸುತ್ತಾರಲ್ಲ ಎನ್ನಿಸಿತು. ಡಾಕ್ಟರು ಅರ್ಧ ಗಂಟೆ ಹೇಳಿದ್ದನ್ನು ಅವರು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದ್ದರು ಎಂಬುದು ಆಗ ನನಗೆ ಹೊಳೆಯಲಿಲ್ಲ.

ನನ್ನ ಸ್ವಭಾವವನ್ನೂ ಇಲ್ಲಿ ಹೇಳಿಬಿಡಬೇಕು. ನಾನು ಬಿಡದಿಯ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದವಳು. ಹೊರಗಿನಿಂದ ಬರುವ ಬಿಡಿಭಾಗಗಳ ಪೆಟ್ಟಿಗೆಗಳನ್ನು ಪರೀಕ್ಷಿಸಿ ಒಳಗೆ ಬಿಡುವುದು ನನ್ನ ಕೆಲಸ. ಚೀಟಿ ಅಂಟಿಸದ ಪೆಟ್ಟಿಗೆ ನನ್ನ ಮೇಜು ದಾಟಿ ಒಳಗೆ ಹೋದದ್ದಿಲ್ಲ. ಚೀಟಿಯಲ್ಲಿ ಬರೆದದ್ದು ನಿಜ, ಬರೆಯದ್ದು ಸುಳ್ಳು, ಇಷ್ಟೇ ನನ್ನ ವೇದಾಂತ. ಅದೇ ವೇದಾಂತವನ್ನು ಅಡುಗೆ ಮನೆಗೂ ತಂದೆ.

ಮನೆಯಿಂದ ಚಪಾತಿ ಹಿಟ್ಟು, ರವೆ, ಶಾವಿಗೆ, ಬ್ರೆಡ್ಡು ಎಲ್ಲಕ್ಕೂ ಗೇಟ್‌ಪಾಸ್ ಕೊಟ್ಟೆ. ನಮ್ಮೆಜಮಾನರು ಕನಕಪುರದ ಕಡೆ ಹೈಸ್ಕೂಲು ಮೇಷ್ಟ್ರು, ಚಪಾತಿ ಪ್ರಿಯರು. ಪಾಪ, ಸ್ಕೂಲಿನ ಹತ್ತಿರದ ಹೋಟೆಲ್ಲಿನಲ್ಲಿ ತಿಂದು, ಕೈ ಬಾಯಿ ತೊಳೆದು ಮನೆಗೆ ಬರುತ್ತಿದ್ದರು. ಅಂಗಡಿಯಲ್ಲಿ ರಾಗಿ ಬಿಸ್ಕತ್ತು ಕಂಡಾಗ ನನಗಾದ ಸಂತೋಷ ಹೇಳತೀರದು. ಮುಂದೆ ಬಲಿತ ತೆನೆಯ ಚಿತ್ರ, ಹಳ್ಳಿಯ ಹೆಂಗಸಿನ ನಗು. ಹಿಂದೆ ತಿರುಗಿಸಿದರೆ ಮೊದಲ ಪದವೇ ಗೋಧಿ ಹಿಟ್ಟು, ಆಮೇಲೆ ಸಕ್ಕರೆ, ಆಮೇಲೆ ಎಣ್ಣೆ, ರಾಗಿ ಎಲ್ಲೋ ಉಪ್ಪಿನ ಹಿಂದೆ ಬಚ್ಚಿಟ್ಟುಕೊಂಡಿತ್ತು. ಹೆಚ್ಚು ಹಾಕಿದ್ದನ್ನು ಮೊದಲು ಬರೆಯಬೇಕೆಂಬುದು ಕಾನೂನು. ರಾಗಿ ತಿಂದು ಬೆಳೆದ ನಮಗೇ ರಾಗಿಯ ಹೆಸರಿನಲ್ಲಿ ಮೈದಾ ತಿನ್ನಿಸುತ್ತಾರಲ್ಲ ಎಂದು ನಾನು ಅಲ್ಲೇ ಗಟ್ಟಿಯಾಗಿ ಬೈದೆ. ಫುಡ್ ಇನ್‌ಸ್ಪೆಕ್ಟರ್ ಎಂಬ ಬಿರುದು ಬಂದದ್ದು ಆವತ್ತೇ ಇರಬೇಕು.

ಆಮೇಲೆ ಕಾರ್ನ್ ಫ್ಲೇಕ್ಸಿನಲ್ಲಿ ಬಾರ್ಲಿ ಸಿಕ್ಕಿತು. ಚಿಪ್ಸಿನ ಮಸಾಲೆಯಲ್ಲಿ ಗೋಧಿ ಸಿಕ್ಕಿತು. ನನ್ನ ದೊಡ್ಡ ಬೇಟೆ ಎಂದರೆ ಇಂಗಿನ ಡಬ್ಬಿ. ಹೆಬ್ಬೆಟ್ಟಿನಷ್ಟು ಡಬ್ಬಿ, ಅದರ ಮೇಲೆ ಇರುವೆ ಕಾಲಿನಂಥ ಅಕ್ಷರದಲ್ಲಿ, ಇಂಗಿಗಿಂತ ಮೊದಲು ಗೋಧಿ! ಗೆದ್ದವಳಂತೆ ಮಾಗಡಿಗೆ ಫೋನು ಮಾಡಿ, "ಅತ್ತೆ, ಇನ್ನು ಮೇಲೆ ಸಾರಿಗೆ ಇಂಗು ಹಾಕಬೇಡಿ" ಎಂದೆ.

"ನಾವ್ ಯಾವತ್ತವ್ವ ಇಂಗ್ ಆಕಿದ್ವಿ? ಬೆಳ್ಳುಳ್ಳಿ ಅಲ್ವಾ ನಾವ್ ಆಕೋದು" ಎಂದರು ಅತ್ತೆ.

ಮೊದಲೆಲ್ಲ ರಾಗಿಯನ್ನು ಅವರೇ ಊರಲ್ಲಿ ಬೀಸಿಸಿ ಹಿಟ್ಟನ್ನೇ ಕಳಿಸುತ್ತಿದ್ದರು. ಅದನ್ನು ನಿಲ್ಲಿಸಿದವಳು ನಾನು. ಹಳ್ಳಿಯ ಮಿಲ್ಲು, ಹಳ್ಳಿಯ ಚೀಲ, ಯಾರು ಎಲ್ಲಿ ಕೈ ಹಾಕಿರುತ್ತಾರೋ ಎಂದು. ಕಾಳು ಮಾತ್ರ ಕಳಿಸಿ, ಹಿಟ್ಟು ನಾನು ಮಾಡಿಸಿಕೊಳ್ಳುತ್ತೇನೆ ಎಂದೆ. ಅತ್ತೆ ಕಲ್ಲು, ಹೊಟ್ಟು ಒಂದೂ ಇಲ್ಲದಂತೆ ಕೇರಿ, ತೊಳೆದು, ಒಣಗಿಸಿ ಬಸ್ಸಿಗೆ ಹಾಕುತ್ತಿದ್ದರು. ನಾನು ಸ್ಟೀಲಿನ ಡಬ್ಬಕ್ಕೆ ತುಂಬಿ, ಮುಚ್ಚಳದ ಮೇಲೆ ನಮ್ಮ ಮನೆ ನಂಬರು ಹಾಕಿ, ದೊಡ್ಡದಾಗಿ 'ರಾಗಿ' ಎಂದು ಬರೆದ ಚೀಟಿ ಅಂಟಿಸುತ್ತಿದ್ದೆ. ಬೆಳಿಗ್ಗೆ ರೈಲಿಗೆ ಹೋಗುವಾಗ ಸ್ಟೇಷನ್ ದಾರಿಯ ಹಿಟ್ಟಿನ ಮಿಲ್ಲಿನಲ್ಲಿ ಇಟ್ಟು ಹೋಗುವುದು, ಸಂಜೆ ಬರುವಾಗ ತರುವುದು. ಎಲ್ಲ ಅಚ್ಚುಕಟ್ಟು.

ಮಗಳು ಸ್ವಲ್ಪ ಚೇತರಿಸಿಕೊಂಡಳು. ಹೊಟ್ಟೆ ಇಳಿಯಿತು, ಮುಖಕ್ಕೆ ಕಳೆ ಬಂತು. ಆಮೇಲೆ ಅಲ್ಲಿಗೇ ನಿಂತುಬಿಟ್ಟಿತು. ಬಾಗಿಲ ಚೌಕಟ್ಟಿನ ಮೇಲೆ ಅವಳ ಎತ್ತರಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದೆ, ಗೆರೆಯ ಮೇಲೆ ಗೆರೆಯೇ ಬೀಳುತ್ತಿತ್ತು. ಬೇಸಿಗೆ ರಜೆಯಲ್ಲಿ ಅತ್ತೆಯ ಮನೆಯಲ್ಲಿ ಹದಿನೈದು ದಿನ ಇದ್ದು ಬಂದಳು. ಅವಳ ಜೊತೆ ಹಿಟ್ಟನ್ನೂ ನಾನೇ ಇಲ್ಲಿಂದ ಕಟ್ಟಿ ಕಳಿಸಿದ್ದೆ. ಬಂದ ಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ, ಮೈಗೆ ಗೋಧಿ ತಾಕುತ್ತಿರುವುದನ್ನು ತೋರಿಸುವ ಸಂಖ್ಯೆ ಇಳಿಯುವುದಿರಲಿ, ಏರಿತ್ತು. "ಎಲ್ಲೋ ಗೋಧಿ ಹೋಗ್ತಾ ಇದೆಯಮ್ಮಾ, ಮನೇಲಿ ಸರಿಯಾಗಿ ವಿಚಾರಿಸಿ" ಎಂದರು ಡಾಕ್ಟರು.

ನನ್ನ ಮನೆಯಲ್ಲಿ ಗೋಧಿ ಇಲ್ಲ. ನಾನು ಓದದ ಪೊಟ್ಟಣವಿಲ್ಲ. ಹಾಗಾದರೆ ಉಳಿದವರು ಯಾರು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ಬರೆ ಹಾಕುವವರಿಗೆ ಆ ಗಾದೆ ಯಾವತ್ತೂ ನೆನಪಾಗುವುದಿಲ್ಲ. ಮುಂದಿನ ಭಾನುವಾರವೇ ಬಸ್ಸು ಹತ್ತಿ ಹೋದೆ, ಮಗಳನ್ನೂ ಕರೆದುಕೊಂಡು. ಅತ್ತೆ ಜಗುಲಿಯಲ್ಲಿ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದರು.

"ಅತ್ತೆ, ಇವಳಿಗೆ ಏನ್ ತಿನ್ಸಿದ್ರಿ, ನಿಜ ಹೇಳಿ."

"ಏನ್ ತಿನ್ಸಾನವ್ವ, ಮುದ್ದೆ, ಸೊಪ್ಸಾರು, ಅವರೆಕಾಳು, ಒಸಿ ಅನ್ನ. ನೀನ್ ಕಳ್ಸಿದ್ ಹಿಟ್ಟೇ ಕಣವ್ವ. ಅವ್ಳ ಪಾತ್ರೆ, ಕೋಲು, ಎಲ್ಲಾನೂ ಬ್ಯಾರೆ ಇಟ್ಟಿದ್ದೆ."

"ಅಂಗಡಿ ಬಿಸ್ಕತ್ತು, ಬನ್ನು? ಅಳ್ತಾಳೆ ಅಂತ ಕೊಟ್ಟಿಲ್ಲವಾ?"

"ಇಲ್ಲ ಕಣವ್ವ."

"ಹಂಗಾದ್ರೆ ಮಗು ತಲೆ ಮುಟ್ಟಿ ಹೇಳಿ."

ಅತ್ತೆ ಕತ್ತಿ ಕೆಳಗಿಟ್ಟರು. ಮಗಳು ಅವರ ಪಕ್ಕದಲ್ಲೇ ನಿಂತಿದ್ದಳು. ಅವರು ಕೈ ಎತ್ತಲಿಲ್ಲ. "ಕಾಯ್ಲೆ ಮಗೀನ್ ಮ್ಯಾಲೆ ಆಣೆ ಇಡಾಕಿಲ್ಲ ನಾನು. ದಿಟವಾಗಿದ್ರೂ ಇಡಾಕಿಲ್ಲ" ಎಂದರು.

ನಮ್ಮಲ್ಲಿ ಹಾಗೇ. ಹುಷಾರಿಲ್ಲದ ಮಗುವಿನ ತಲೆಯ ಮೇಲೆ ಆಣೆ ಇಟ್ಟರೆ, ಆಣೆ ನಿಜವಾದದ್ದೇ ಆಗಿದ್ದರೂ, ಅದರ ಭಾರ ಮಗುವಿಗೆ ತಟ್ಟುತ್ತದೆಂದು ಹಿರಿಯರು ಹೆದರುತ್ತಾರೆ. ಚನ್ನಪಟ್ಟಣದ ನನ್ನ ತವರಿನಲ್ಲೂ ಇದೇ ನಂಬಿಕೆ. ನನ್ನ ಅವ್ವನೂ ಹೀಗೆಯೇ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಳು. ಇದೆಲ್ಲ ನನಗೆ ಗೊತ್ತು. ಗೊತ್ತಿದ್ದೂ ಆವತ್ತು ಆ ಎತ್ತದ ಕೈಯನ್ನು ತಪ್ಪೊಪ್ಪಿಗೆ ಎಂದು ಓದಿಕೊಂಡೆ. "ಇನ್ಮೇಲೆ ನಿಮ್ಮ ಕೈಯಿಂದ ಇವಳಿಗೆ ಒಂದು ತುತ್ತೂ ಹೋಗಬಾರದು" ಎಂದು ಹೇಳಿ, ಕಾಫಿ ಕೂಡ ಕುಡಿಯದೆ ಮಗಳ ಕೈ ಹಿಡಿದು ಹೊರಟುಬಂದೆ. ಭಾವನವರು ಬಸ್ ಸ್ಟಾಪಿನ ತನಕ ಬಂದು ಬಸ್ಸು ಹತ್ತಿಸಿ ಹೋದರು.

ಅತ್ತೆ ಜಗಳ ಆಡಿದ್ದರೆ ನನಗೆ ಸಲೀಸಾಗುತ್ತಿತ್ತು. ಆಡಲಿಲ್ಲ. ಹೇಳಿದ ಮಾತನ್ನು ಹೇಳಿದ ಹಾಗೆಯೇ ನಡೆಸಿದರು. ಆಮೇಲೆ ನಾವು ಊರಿಗೆ ಹೋದಾಗಲೆಲ್ಲ ಅವರು ಮಗಳಿಗೆ ಜಡೆ ಹಾಕುತ್ತಿದ್ದರು, ಕಥೆ ಹೇಳುತ್ತಿದ್ದರು, ಬೆನ್ನು ತಿಕ್ಕಿ ನೀರು ಹಾಕುತ್ತಿದ್ದರು. ಊಟದ ಹೊತ್ತಿಗೆ ಮಾತ್ರ ಎದ್ದು ಹುಳದ ಮನೆಗೆ ಹೋಗಿಬಿಡುತ್ತಿದ್ದರು. ಹುಟ್ಟಿದಾಗಿನಿಂದ ಅಜ್ಜಿಯ ಕೈತುತ್ತು ತಿಂದ ಮಗು ತಟ್ಟೆ ಹಿಡಿದುಕೊಂಡು ಹಿಂದೆಯೇ ಹೋಗಿ, "ಅಜ್ಜಿ, ತಿನ್ಸು" ಎಂದರೆ, ಎರಡೂ ಕೈ ಸೆರಗಿನೊಳಗೆ ಇಟ್ಟುಕೊಂಡು, "ನಿಮ್ಮವ್ವನ್ನ ಕೇಳು ಮಗ, ನನ್ ಕೈ ಸೊಪ್ಪು ಮುಟ್ಟೈತೆ" ಎನ್ನುತ್ತಿದ್ದರು. ನಾನು ಕೇಳಿಸಿಕೊಂಡೂ ಕೇಳಿಸದವಳಂತೆ ಇರುತ್ತಿದ್ದೆ. ಒಳಗೆ ಚುರ್ರೆನ್ನುತ್ತಿತ್ತು. ಆದರೆ ಮಗಳ ಜೀವದ ವಿಷಯ, ನಾನು ಸರಿ, ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ದಸರೆ ರಜೆ ಮುಗಿದ ಮೇಲೆ ನಮ್ಮೆಜಮಾನರಿಗೆ ಒಂದು ವಾರ ತರಬೇತಿ ಬಂತು, ಬೇರೆ ಜಿಲ್ಲೆಯಲ್ಲಿ. ನನಗೆ ರಜೆ ಸಿಗಲಿಲ್ಲ. ಸ್ಕೂಲಿನಿಂದ ಬರುವ ಮಗಳನ್ನು ನೋಡಿಕೊಳ್ಳಲು ಅತ್ತೆಯನ್ನು ಬಿಟ್ಟರೆ ಬೇರೆ ಯಾರಿದ್ದರು? ನಮ್ಮೆಜಮಾನರು ಕರೆದರು. ಅವರು ಬಂದರು. ಬಂದವರು ಅಡುಗೆ ಮನೆಯ ಹೊಸಿಲು ದಾಟಲಿಲ್ಲ. ನಾನು ಬೆಳಿಗ್ಗೆಯೇ ಮುದ್ದೆ ಕಟ್ಟಿ, ಡಬ್ಬಿಗೆ ಹಾಕಿ, ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದೆ. ಮಗಳು ತಾನೇ ಬಿಚ್ಚಿಕೊಂಡು ತಿನ್ನುತ್ತಿದ್ದಳು, ಅತ್ತೆ ಎದುರಿಗೆ ಕೂತು ನೋಡುತ್ತಿದ್ದರು.

ಮೂರನೆಯ ದಿನ ಹಿಟ್ಟು ಮುಗಿಯಿತು. ರೈಲಿಗೆ ತಡವಾಗಿತ್ತು. "ನಾನ್ ತಕ್ಕಂಡೋಗಿ ಬೀಸಿಸ್ಕಂಡ್ ಬತ್ತೀನಿ ಬುಡವ್ವ, ಕಾಳು ಮುಟ್ಟುದ್ರೆ ಏನಾಗಾಕಿಲ್ವಲ್ಲ?" ಎಂದರು ಅತ್ತೆ. ಚೀಟಿ ಅಂಟಿಸಿದ ಡಬ್ಬವನ್ನು ಅವರ ಕೈಗೆ ಕೊಟ್ಟು ಓಡಿದೆ.

ಸಂಜೆ ಬಂದಾಗ ಅವರು ಬಾಗಿಲಲ್ಲೇ ಕೂತಿದ್ದರು, ತೊಡೆಯ ಮುಂದೆ ಡಬ್ಬ. ಎತ್ತಿ ನೋಡಿದೆ. ಮುಚ್ಚಳ ತೆಗೆದೆ. ಒಳಗೆ ಕಾಳು ಕಾಳಾಗಿಯೇ ಇತ್ತು.

"ಯಾಕತ್ತೆ, ಮಿಲ್ಲು ಬಾಗಿಲಾಕಿತ್ತಾ?" ಎಂದೆ. ದನಿಯಲ್ಲಿ ಅಸಹನೆ ಇತ್ತು. ರಾತ್ರಿಗೆ ಮಗಳಿಗೆ ಏನು ಮಾಡಲಿ ಎಂಬ ಚಿಂತೆ.

"ತಗ್ದಿತ್ತು ಕಣವ್ವ. ನಾನೇ ಬ್ಯಾಡಾಂತ ವಾಪಸ್ ತಂದೆ." ನನ್ನ ಮುಖ ನೋಡದೆ ಡಬ್ಬದ ಮೇಲೆ ಕೈಯಾಡಿಸುತ್ತಾ ಹೇಳತೊಡಗಿದರು. "ಅಲ್ಲಿ ಕುಂತಿದ್ನಾ, ಯಾರ್ದೋ ಓಟ್ಲಿಂದು ಗೋಧಿ ಬಂತು, ಒಂದ್ ಚೀಲ. ಅದ್ನ ಮಿಲ್ನೋನು ಮಿಸೀನ್ಗೆ ಬುಟ್ಟ. ಆಮೇಕೆ ಇನ್ನೆಲ್ಡ್ ಮನೇದು ಗೋಧಿ. ಅದೂ ಬುಟ್ಟ. ಅದೇ ಮಿಸೀನ್ಗೆ, ಬನ್ನಿ ಅಜ್ಜಿ ರಾಗಿ ಸುರೀರಿ ಅಂದ. ಅಲ್ಲಪ್ಪಾ, ಮೊದ್ಲು ರಾಗಿ ಬುಟ್ಟು ಆಮೇಕೆ ಗೋಧಿ ಬುಡಬಾರ್ದಾ ಅಂದೆ. ಅಯ್ಯೋ ಅಜ್ಜಿ, ರಾಗಿ ಬುಟ್ಟ್ ಮ್ಯಾಲೆ ಗೋಧಿ ಬುಟ್ರೆ ಗೋಧಿ ಹಿಟ್ಟು ಕರ್ರಗಾಯ್ತದೆ, ಜನ ಮಕುಕ್ ಉಗೀತಾರೆ. ಗೋಧಿ ಸೇರುದ್ರೆ ರಾಗೀಲಿ ಕಾಣಾಕಿಲ್ವಲ್ಲಾ, ಅದ್ಕೇ ರಾಗಿ ಯಾವತ್ತೂ ಕೊನೇಗೇ ಬುಡಾದು ಅಂದ."

ನಾನು ಬ್ಯಾಗನ್ನು ಹೆಗಲಿನಿಂದ ಇಳಿಸಿರಲಿಲ್ಲ.

"ಕಲ್ ಸಂದೀಲಿ, ಬಟ್ಟೆ ಚೀಲ್ದಲ್ಲಿ, ಎಲ್ಲಾ ಕಡೀಕೂ ಗೋಧಿ ಹಿಟ್ಟು ಮೆತ್ಕಂಡೈತೆ. ಮೊದ್ಲು ಬೀಳೋ ಹಿಟ್ಟೆಲ್ಲಾ ಹಿಂದ್ನೋರ್ದೇಯ. ಗಾಳಿ ಸೋಕಿದ್ ಸೊಪ್ಪಿದ್ದಂಗಲ್ವಾ ಅಂತ ನಂಗೆ ಎದೆ ಡವ್ ಅಂತು. ನಮ್ಮೂರ್ ಮಿಲ್ಲಲ್ಲಿ ಗೋಧಿ ಬುಡೋರು ಯಾರವ್ರೆ, ಅಲ್ಲಿ ಬರೀ ರಾಗಿ" ಎಂದರು. ಆಮೇಲೆ, ನನ್ನ ಮುಖ ಹೇಗಾಗಿತ್ತೋ ಏನೋ, ತಾವೇ ಅವಸರವಾಗಿ, "ನಿಂಗ್ ಎಂಗವ್ವ ಗೊತ್ತಾಗ್ಬೇಕು? ಡಬ್ಬ ಇಟ್ಬುಟ್ಟು ಡ್ಯೂಟಿಗೋಗೋಳು ನೀನು" ಎಂದು ಸೇರಿಸಿದರು.

ಡಬ್ಬದ ಮುಚ್ಚಳದ ಮೇಲೆ ನನ್ನದೇ ದುಂಡು ಅಕ್ಷರದಲ್ಲಿ 'ರಾಗಿ' ಎಂದಿತ್ತು. ಒಂದೂವರೆ ವರ್ಷದಿಂದ ಅಂಗಡಿಗಳ ಚೀಟಿಗಳನ್ನೆಲ್ಲ ಅನುಮಾನದಿಂದ ಓದಿದವಳು ಇದೊಂದನ್ನು ಅನುಮಾನಿಸಿರಲಿಲ್ಲ, ಏಕೆಂದರೆ ಬರೆದವಳು ನಾನು. ವಾರಕ್ಕೊಂದು ಡಬ್ಬದ ಲೆಕ್ಕದಲ್ಲಿ, ಮೂರು ಹೊತ್ತೂ, ನನ್ನ ಮಗಳಿಗೆ ಗೋಧಿ ತಿನ್ನಿಸಿದವಳು ನಾನೇ. ಬೇಸಿಗೆಯಲ್ಲಿ ಅಜ್ಜಿಯ ಮನೆಗೂ ಅದನ್ನೇ ಕಟ್ಟಿ ಕಳಿಸಿದ್ದೆ. ನೀನ್ ಕಳ್ಸಿದ್ ಹಿಟ್ಟೇ ಕಣವ್ವ ಎಂದು ಅವರು ಅವತ್ತೇ ಹೇಳಿದ್ದರು. ನನಗೆ ಆ ಹೊಸಿಲಲ್ಲೇ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಒಂದು ಮಾತು ಆಡಬೇಕಿತ್ತು. ಆಡಲಿಲ್ಲ. ಒಳಗೆ ಹೋಗಿ ಅನ್ನಕ್ಕೆ ಇಟ್ಟೆ. ಸಿಟ್ಟು ನಾಲಗೆಯ ತುದಿಯಲ್ಲೇ ಇರುವ ನನ್ನಂಥವರಿಗೆ ತಪ್ಪಾಯಿತು ಎಂಬ ಮಾತು ಮಾತ್ರ ಹೊಟ್ಟೆಯ ಆಳದಿಂದ ಬರಬೇಕು.

ಮಾರನೆಯ ದಿನ ಮಿಲ್ಲಿನವರಿಗೆ ವಿಷಯ ಹೇಳಿದೆ. ಪಾಪ, ಅವರು ನನಗಿಂತ ಹೆಚ್ಚು ನೊಂದುಕೊಂಡರು. "ಮೊದ್ಲೇ ಒಂದ್ ಮಾತು ಹೇಳಬಾರದಿತ್ತಾ ಮೇಡಂ, ಮಗು ವಿಷಯ ಅಂದಿದ್ರೆ ಕಲ್ಲು ಬಿಚ್ಚಿ ತೊಳೀತಿದ್ದೆ" ಎಂದರು. ಅವರದೇನೂ ತಪ್ಪಿಲ್ಲ. ಬೇರೆಯವರಿಗೆ ರಾಗಿಯಲ್ಲಿ ಹಿಡಿ ಗೋಧಿ ಬೆರೆತರೆ ನಷ್ಟವೇನು? ಅತ್ತೆ ವಾರ ಮುಗಿಸಿ ಊರಿಗೆ ಹೋದ ಮೇಲೆ ಅಲ್ಲಿಂದ ಹಿಟ್ಟೇ ಬರತೊಡಗಿತು, ಹೊಸ ಬಟ್ಟೆಯ ಚೀಲದಲ್ಲಿ. ಭಾವನವರು ಫೋನಿನಲ್ಲಿ ಹೇಳಿದರು: "ಅವ್ವ ಮಿಲ್ಲು ತಗ್ಯಾಕ್ ಮುಂಚೇನೇ ಓಗಿ ಮೆಟ್ಲ ಮ್ಯಾಲೆ ಕುಂತಿರ್ತದೆ. ಮೊದ್ಲು ನಮ್ದೇ ಒಂದ್ ಸೇರು ರಾಗಿ ಬುಟ್ಟು, ಆ ಹಿಟ್ಟು ಹಸೀಗ್ ಆಕ್ಬುಟ್ಟು, ಆಮೇಕೆ ಮಗೀಂದು ಬೀಸುಸ್ತದೆ. ಯಾರ್ ಹೇಳುದ್ರೂ ಕೇಳಾಕಿಲ್ಲ." ಹಸುವಿಗೆ ಪ್ರತಿ ವಾರ ಒಂದು ಸೇರು ರಾಗಿಹಿಟ್ಟು. ಆ ಊರಿನಲ್ಲಿ ಅಷ್ಟು ಮರ್ಯಾದೆ ಕಂಡ ಹಸು ಇನ್ನೊಂದಿರಲಿಕ್ಕಿಲ್ಲ.

ಸಂಕ್ರಾಂತಿ ಕಳೆದು ಪರೀಕ್ಷೆ ಮಾಡಿಸಿದೆವು. ವರದಿ ಫೋನಿಗೇ ಬಂತು. ರೈಲಿನಲ್ಲಿ ನಿಂತುಕೊಂಡೇ ನೋಡಿದೆ. ಸಂಖ್ಯೆ ಅರ್ಧಕ್ಕಿಂತ ಕೆಳಗೆ ಬಿದ್ದಿತ್ತು. ಮತ್ತೆ ಮತ್ತೆ ಓದಿದೆ, ಹೆಸರು ನಮ್ಮ ಮಗಳದ್ದೇ ಹೌದೋ ಎಂದು ಮೂರು ಸಲ ನೋಡಿದೆ. ಪಕ್ಕದಲ್ಲಿ ನಿಂತಿದ್ದ ಹೆಂಗಸು, "ಯಾಕಕ್ಕ ಅಳ್ತಿದೀರಾ?" ಎಂದಾಗಲೇ ನನಗೆ ಗೊತ್ತಾದದ್ದು.

ಫೋನಿನಲ್ಲಿ ಹೇಳುವ ಮಾತಲ್ಲವೆಂದು ಭಾನುವಾರ ಮಗಳನ್ನು ಕರೆದುಕೊಂಡು ಊರಿಗೆ ಹೋದೆ. ಮಧ್ಯಾಹ್ನದ ಹೊತ್ತು. ಅತ್ತೆ ಒಲೆಯ ಮುಂದೆ ಕೂತು, ಪಾತ್ರೆಯನ್ನು ಎರಡು ಪಾದಗಳ ನಡುವೆ ಹಿಡಿದು, ಕೋಲಿನಿಂದ ಹಿಟ್ಟು ತೊಳಸುತ್ತಿದ್ದರು. ಮಗಳ ಪಾತ್ರೆ ಅದು, ಹಿಡಿಗೆ ಕೆಂಪು ದಾರ ಕಟ್ಟಿತ್ತು. ನಾನು ಹತ್ತಿರ ಕೂತು ವರದಿಯ ವಿಷಯ ಹೇಳಿದೆ. ಮೊದಲು ಎಷ್ಟಿತ್ತು, ಈಗ ಎಷ್ಟಾಗಿದೆ, ಡಾಕ್ಟರು ಏನೆಂದರು, ಇನ್ನಾರು ತಿಂಗಳಲ್ಲಿ ಪೂರಾ ಇಳಿಯಬಹುದಂತೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವರು ಮುದ್ದೆ ಕಟ್ಟಿ ತಟ್ಟೆಗೆ ಹಾಕಿದರು, ಪಕ್ಕದಲ್ಲಿ ಸಾರು ಬಿಟ್ಟರು, ತಟ್ಟೆಯನ್ನು ನನ್ನ ಕಡೆಗೆ ಸರಿಸಿದರು. ಸಂಖ್ಯೆಯ ಬಗ್ಗೆ ಒಂದೂ ಪ್ರಶ್ನೆ ಕೇಳಲಿಲ್ಲ. ಕೇಳಿದ್ದು ಇಷ್ಟೇ:

"ಅಂಗಾರೆ, ಇನ್ಮೇಕೆ ನಾನು ತಿನ್ಸಬೋದೇನವ್ವ?"

ಎಂಟು ತಿಂಗಳು ಅವರು ಕಾದದ್ದು ಇದೊಂದಕ್ಕೆ. ನಾನು ಕ್ಷಮೆ ಕೇಳಲಿ ಎಂದಲ್ಲ, ತಪ್ಪು ಯಾರದೆಂದು ತೀರ್ಮಾನವಾಗಲಿ ಎಂದಲ್ಲ. ತಟ್ಟೆಯನ್ನು ಅವರ ಕಡೆಗೆ ತಳ್ಳಿದೆ. ಮಗಳು ಆಗಲೇ ಅಜ್ಜಿಯ ಮಂಡಿಗೆ ಒರಗಿ ಬಾಯಿ ತೆರೆದುಕೊಂಡಿದ್ದಳು. ಅತ್ತೆ ತುತ್ತು ಮುರಿದು, ಉಂಡೆ ಮಾಡಿ, ಸಾರಿನಲ್ಲಿ ಅದ್ದಿದರು. ಕೈ ಮಗುವಿನ ಬಾಯಿಯ ತನಕ ಹೋಗಿ ನಿಂತಿತು. ಹಾಕುವ ಮುಂಚೆ ಇನ್ನೊಂದು ಸಲ ನನ್ನ ಮುಖ ನೋಡಿದರು.

"ತಪ್ಪಾಯ್ತು ಅತ್ತೆ, ನಂದೇ ತಪ್ಪು" ಎಂದೆ. ಎನ್ನುವಷ್ಟರಲ್ಲಿ ಅಳು ಒತ್ತರಿಸಿಕೊಂಡು ಬಂತು.

ಅವರು ತುತ್ತನ್ನು ಮಗುವಿನ ಬಾಯಿಗಿಟ್ಟು, ನುಂಗುವ ತನಕ ಕಾದು, ಇನ್ನೊಂದು ತುತ್ತು ಮುರಿಯುತ್ತಾ ಹೇಳಿದರು:

"ಮಗ ಉಣ್ಣೋವಾಗ ಕಣ್ಣೀರಾಕ್ಬಾರ್ದು ಕಣವ್ವ. ಎದ್ದು ಒಸಿ ನೀರ್ ತಕ್ಕಂಬಾ ಓಗು."